ಬಿಚ್ಚಿಡುವ ಪುಟ್ಟ ಕೋವಿಯನ್ನು ನಂಬುವ ಮೊದಲು: ರೇಂಜ್‌ನಲ್ಲಿ ಪರೀಕ್ಷೆ ಮಾಡುವ ಸಮಗ್ರ ಮಾರ್ಗದರ್ಶಿ

2025ರ ಜನವರಿಯ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಶೂಟಿಂಗ್ ರೇಂಜ್‌ಗೆ ಹೊರಟೆ. ಮಂಡಗದ್ದೆ ದಾಟುವವರೆಗೂ ಮಂಜು. ಜೀಪಿನ ಗಾಜು ಒರೆಸಿ ಒರೆಸಿ ಕೈ ಸೋತಿತ್ತು. ಎಂಟೂವರೆಗೆ ಮೊದಲ ತೋಟಾ ಹಾಕಿ ಟ್ರಿಗರ್ ಎಳೆದೆ. ಟಿಕ್. ಅಷ್ಟೇ. ಇಪ್ಪತ್ತು ತೋಟಾದಲ್ಲಿ ಏಳು ಟುಸ್, ಹಾರಲೇ ಇಲ್ಲ. ಚಹಾ ಕುಡಿದು, ಬೇರೆಯವರು ಹೊಡೆಯುವುದನ್ನು ನೋಡುತ್ತಾ ಕೂತು, ಹನ್ನೊಂದರ ಬಿಸಿಲಿಗೆ ಮತ್ತೆ ಶುರು ಮಾಡಿದರೆ ಅದೇ ಕೋವಿ, ಅದೇ ಡಬ್ಬಿಯ ತೋಟಾ, ಇಪ್ಪತ್ತಕ್ಕೆ ಇಪ್ಪತ್ತೂ ಹಾರಿದವು.

ನಾನು ಹನ್ನೊಂದಕ್ಕೇ ರೇಂಜ್‌ಗೆ ಹೋಗಿದ್ದಿದ್ದರೆ "ಕೋವಿ ಫಸ್ಟ್ ಕ್ಲಾಸ್" ಅಂತ ಹೇಳಿಕೊಂಡು ಮನೆಗೆ ಬರುತ್ತಿದ್ದೆ. ಎಲ್ಲ ಚೆನ್ನಾಗಿರುವಾಗ ಹತ್ತು ಈಡು ಹೊಡೆದು ನೋಡುವುದನ್ನು ನಾನು ಪರೀಕ್ಷೆ ಅನ್ನುವುದಿಲ್ಲ. ಕೋವಿ ನಿಜವಾಗಿ ಕೆಲಸಕ್ಕೆ ಬರುವುದು ಚಳಿಯಲ್ಲಿ, ಮಳೆಯಲ್ಲಿ, ಗಲೀಜಾಗಿರುವಾಗ. ಹಾಗಾಗಿ ಹಾಗೇ ಪರೀಕ್ಷೆ ಮಾಡಬೇಕು. ಆ ಏಳು ಟುಸ್ ಯಾಕಾದವು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಯಾವ ಕೋವಿ ಇದು

ಸರ್ವೈವಲ್ ರೈಫಲ್ ಅನ್ನುವ ಮಾತು ಬಂದದ್ದು ವಿಮಾನದವರಿಂದ. ವಿಮಾನ ಕಾಡಿನಲ್ಲೋ ಹಿಮದಲ್ಲೋ ಬಿದ್ದರೆ ಪೈಲಟ್ ಹೊಟ್ಟೆಪಾಡಿಗೆ ಸಣ್ಣ ಪ್ರಾಣಿ ಹೊಡೆದುಕೊಳ್ಳಲಿ ಎಂದು ಅಮೆರಿಕದ ವಾಯುಪಡೆ ಇಂಥ ಪುಟ್ಟ ಕೋವಿಗಳನ್ನು ಇಟ್ಟುಕೊಂಡಿತ್ತು. ಆ ಜಾತಿಯಲ್ಲಿ ಹೆಸರುವಾಸಿ ಎಂದರೆ ಆರ್ಮಲೈಟ್ ಕಂಪನಿಯ ಎಆರ್-7. ಮಾಡಿದ್ದು ಯೂಜೀನ್ ಸ್ಟೋನರ್, 1950ರ ದಶಕದ ಕೊನೆಯಲ್ಲಿ. .22 (ಅಂದರೆ 0.22 ಅಂಗುಲ ಅಗಲದ ಗುಂಡಿನ) ತೋಟಾ, ಎಂಟು ತೋಟಾ ಹಿಡಿಯುವ ಮ್ಯಾಗಜೀನ್. ನಳಿಗೆ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಅಗುಳಿ) ಇರುವ ಭಾಗ, ಮ್ಯಾಗಜೀನ್ ಎಲ್ಲವನ್ನೂ ಬಿಚ್ಚಿ ಹಿಂದಿನ ಹಿಡಿಯ ಒಳಗೇ ತುಂಬಿಸಿ ಮುಚ್ಚಬಹುದು.

ನಮ್ಮೂರಿನ ಯಾರ ಮನೆಯಲ್ಲೂ ನಾನು ಅದನ್ನು ನೋಡಿಲ್ಲ. ನಮ್ಮಲ್ಲಿರುವುದು ಹಳೇ ಕಾಲದ, ಲೈಸೆನ್ಸ್ ಜೊತೆ ಅಪ್ಪನಿಂದ ಮಗನಿಗೆ ಬಂದ .22 ಬೋಲ್ಟ್ ಕೋವಿ. ನನ್ನದೂ ಅದೇ. ಐದರ ಮ್ಯಾಗಜೀನ್. ಅಡಿಯ ಸ್ಕ್ರೂ ತಿರುಗಿಸಿದರೆ ಮರ ಬೇರೆ, ನಳಿಗೆ ಬೇರೆ, ಎರಡೂ ಒಂದು ಬಗಲ ಚೀಲದಲ್ಲಿ ಹಿಡಿಯುತ್ತವೆ. ಯಾವ ಬಿಚ್ಚಿಡುವ ಸಣ್ಣ ಕೋವಿಗೂ ಈ ಪರೀಕ್ಷೆ ಹೊಂದುತ್ತದೆ.

ಇನ್ನೊಂದು ಮಾತು. ಇದನ್ನು ತೋಟದಲ್ಲಿ ಮಾಡಬೇಡಿ. .22 ಅಂದರೆ ಮಕ್ಕಳಾಟಿಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಆದರೆ ಮೇಲ್ಮುಖವಾಗಿ ಹಾರಿದ ಗುಂಡು ಒಂದೂವರೆ ಕಿಲೋಮೀಟರ್‌ಗಿಂತ ಆಚೆಗೂ ಹೋಗಿ ಬೀಳುತ್ತದೆ. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದು ಚದುರಿಕೊಂಡಿವೆ. ಅಡಿಕೆ ಮರದ ಆಚೆ ಯಾರು ಸೊಪ್ಪು ಕೊಯ್ಯುತ್ತಿದ್ದಾರೋ ಯಾರಿಗೆ ಗೊತ್ತು? ಹಿಂದೆ ಮಣ್ಣಿನ ದಿಬ್ಬ ಇರುವ, ನೋಡಿಕೊಳ್ಳುವವರು ಇರುವ ರೇಂಜ್‌ಗೇ ಹೋಗಿ. ಮೊದಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಲೈಸೆನ್ಸ್ ಪುಸ್ತಕದ ಅಸಲು ಪ್ರತಿ ಜೊತೆಗಿರಲಿ. ಅದು ಯಾವ ಪ್ರದೇಶಕ್ಕೆ ಅನ್ವಯ, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಅಂತ ಅದರಲ್ಲೇ ಬರೆದಿರುತ್ತದೆ, ಒಮ್ಮೆ ಓದಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷಕ್ಕೆ ಸಿಗುತ್ತದೆ, ಹಾಗಾಗಿ ನವೀಕರಣದ ತಾರೀಖು ಮರೆತೇ ಹೋಗುವುದು ಸುಲಭ.

ಮನೆಯಲ್ಲೇ ಅರ್ಧ ಕೆಲಸ

ಕೋವಿ ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆಯಿರಿ, ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಗೂಡು) ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳ ತುದಿಯಿಂದ ಮುಟ್ಟಿಯೂ ನೋಡಿ. ಇದನ್ನು ಪ್ರತಿ ಸಲ ಮಾಡಬೇಕು. ತೋಟಾ ಡಬ್ಬಿ ಆಗ ಬೇರೆ ಕೋಣೆಯಲ್ಲಿರಲಿ.

ಬೋಲ್ಟ್ ಹೊರಗೆ ತೆಗೆದು ನಳಿಗೆಯ ಹಿಂದಿನಿಂದ ಬೆಳಕಿನ ಕಡೆ ನೋಡಿ. ಒಳಗಿನ ಸುರುಳಿ ಗೆರೆಗಳು ಹೊಳೆಯುತ್ತಿದ್ದರೆ ಒಳ್ಳೆಯದು. ಕಪ್ಪು ಚುಕ್ಕೆ, ಕೆಂಪು ಪುಡಿ ಕಂಡರೆ ತುಕ್ಕು. ಚೇಂಬರ್ ಒಳಗಿನ ತುಕ್ಕಿನ ಗುಳಿ ನಳಿಗೆಯ ಗುಳಿಗಿಂತ ಕೆಟ್ಟದ್ದು, ಯಾಕೆಂದರೆ ಖಾಲಿ ತೋಟಾ ಉಬ್ಬಿ ಆ ಗುಳಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎಳೆದರೆ ಬರುವುದಿಲ್ಲ. ಖಾಲಿ ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ ಚೂಪಾಗಿದೆಯಾ, ಅದರ ಹಿಂದಿನ ಸ್ಪ್ರಿಂಗ್ ಬಿಗಿಯಾಗಿದೆಯಾ ನೋಡಿ. ಮ್ಯಾಗಜೀನ್‌ನ ಬಾಯಿಯ ಎರಡು ತುಟಿ ಒಂದೇ ಅಳತೆಯಲ್ಲಿವೆಯಾ ನೋಡಿ. ಕೆಳಗೆ ಬಿದ್ದ ಮ್ಯಾಗಜೀನ್‌ನಲ್ಲಿ ಒಂದು ತುಟಿ ಕೂದಲೆಳೆಯಷ್ಟು ಬಗ್ಗಿದ್ದರೂ ತೋಟಾ ಓರೆಯಾಗಿ ಬರುತ್ತದೆ.

.22 ಕೋವಿಯನ್ನು ಖಾಲಿ ಇಟ್ಟುಕೊಂಡು ಟಿಕ್ ಟಿಕ್ ಅಂತ ಟ್ರಿಗರ್ ಎಳೆಯಬೇಡಿ. ಇದರ ಪಿನ್ ಹೊಡೆಯುವುದು ತೋಟಾದ ಅಂಚಿಗೆ. ಅಲ್ಲಿ ತೋಟಾ ಇಲ್ಲದಿದ್ದರೆ ಎಷ್ಟೋ ಹಳೇ ಕೋವಿಗಳಲ್ಲಿ ಪಿನ್ ನೇರ ಚೇಂಬರ್‌ನ ಅಂಚಿಗೇ ಬಡಿದು ಅದನ್ನು ಚಪ್ಪಟೆ ಮಾಡುತ್ತದೆ. ಅಭ್ಯಾಸಕ್ಕೆ ಪ್ಲಾಸ್ಟಿಕ್ಕಿನ ಡಮ್ಮಿ ತೋಟಾ ಹಾಕಿಕೊಳ್ಳಿ.

ಮ್ಯಾಗಜೀನ್ ಎರಡು ಮೂರು ಇದ್ದರೆ ನೇಲ್ ಪಾಲಿಶ್‌ನಿಂದ 1, 2, 3 ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಸ್ವಲ್ಪ ತಡವಾಗಿ. ಸ್ಕ್ರೂ ತಲೆಯಿಂದ ಕಬ್ಬಿಣದ ಮೇಲೆ ಹಾಯುವಂತೆ ಒಂದು ಸಣ್ಣ ಗೆರೆಯನ್ನೂ ಎಳೆದಿಡಿ. ಸ್ಕ್ರೂ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ.

ಆಮೇಲೆ ನೋಟ್ ಪುಸ್ತಕ. ಇದಿಲ್ಲದೆ ಹೋಗುವುದಾದರೆ ತೋಟಾ ಖರ್ಚು ಮಾಡುವುದೇ ದಂಡ. ತಾರೀಖು, ಹೊತ್ತು, ಚಳಿಯೋ ಬಿಸಿಲೋ, ತೋಟಾ ಡಬ್ಬಿಯ ಮೇಲಿನ ಲಾಟ್ ನಂಬರ್, ಮ್ಯಾಗಜೀನ್ ನಂಬರ್, ಎಷ್ಟನೇ ಈಡು, ಏನಾಯಿತು. ಶಾಲೆ ಮಕ್ಕಳ ಎರಡು ಗೆರೆ ಪುಸ್ತಕ ಸಾಕು.

ರೇಂಜ್‌ನಲ್ಲಿ ಮೊದಲ 50 ಈಡು

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಬೋಲ್ಟ್ ತೆರೆದೇ ಕೋವಿಯನ್ನು ಮೇಜಿನ ಮೇಲಿಡಿ, ಮೂತಿ ದಿಬ್ಬದ ಕಡೆ.

ಮೊದಲು 25 ಮೀಟರ್‌ನಲ್ಲಿ ಮರಳು ಚೀಲದ ಮೇಲೆ ಇಟ್ಟು ಐದೈದರಂತೆ ಎರಡು ಗುಂಪು ಹೊಡೆಯಿರಿ. ಗುರಿ ಎಷ್ಟು ಚೆಂದ ಅನ್ನುವುದಕ್ಕಲ್ಲ, ಗುಂಡು ಎಲ್ಲಿಗೆ ಬೀಳುತ್ತಿದೆ ಅನ್ನುವುದನ್ನು ಕಾಗದದ ಮೇಲೆ ಹಿಡಿದಿಡುವುದಕ್ಕೆ. ಆ ಕಾಗದ ಎಸೆಯಬೇಡಿ, ಮುಂದೆ ಬೇಕು. ತಣ್ಣಗಿನ ಕೋವಿಯ ಮೊದಲ ಈಡು ಎಲ್ಲಿ ಬಿತ್ತು ಅನ್ನುವುದನ್ನು ಬೇರೆಯಾಗಿ ಗುರುತು ಹಾಕಿ. ಎಣ್ಣೆ ಒರೆಸಿದ ನಳಿಗೆಯಿಂದ ಹೋಗುವ ಮೊದಲನೆಯದು ಬಹಳ ಸಲ ಉಳಿದವುಗಳ ಜೊತೆ ಬೀಳುವುದಿಲ್ಲ.

ಮುಂದಿನ 40 ಈಡು ಗುರಿಗಲ್ಲ, ಕೋವಿಯ ನಡವಳಿಕೆಗೆ. ಮ್ಯಾಗಜೀನ್ ಪೂರ್ತಿ ತುಂಬಿಸಿ ಒಂದು ಸಲ, ಒಂದು ಕಡಿಮೆ ಹಾಕಿ ಒಂದು ಸಲ, ಒಂದೇ ಹಾಕಿ ಒಂದು ಸಲ. ತುಂಬಿದ ಮ್ಯಾಗಜೀನ್‌ನ ಮೊದಲನೆಯದು ಮತ್ತು ಕೊನೆಯದು, ಈ ಎರಡರಲ್ಲೇ ತೋಟಾ ಸಿಕ್ಕಿಕೊಳ್ಳುವುದು ಜಾಸ್ತಿ. ಬೋಲ್ಟನ್ನು ಮೆಲ್ಲಗೆ ಎಳೆದು ನೋಡಿ, ಗಡಿಬಿಡಿಯಲ್ಲಿ ಎಳೆದಂತೆ ಜೋರಾಗಿಯೂ ಎಳೆದು ನೋಡಿ. ಮೆಲ್ಲಗೆ ಎಳೆದಾಗ ಖಾಲಿ ತೋಟಾ ಹೊರಗೆ ಹಾರದೆ ಅಲ್ಲೇ ಉರುಳಿಬಿಟ್ಟರೆ ಬರೆದುಕೊಳ್ಳಿ. ಕೂತು, ನಿಂತು, ಮೊಣಕಾಲೂರಿ, ರೇಂಜ್‌ನವರು ಒಪ್ಪಿದರೆ ಎಡಗೈಯಲ್ಲೂ ಹೊಡೆಯಿರಿ.

ತೋಟಾ ಎರಡು ಮೂರು ಬಗೆಯದು ಸಿಕ್ಕರೆ ಒಂದೊಂದರಲ್ಲೂ ಇಪ್ಪತ್ತು ಇಪ್ಪತ್ತೈದು ಹೊಡೆಯಿರಿ. ಸಾಧಾರಣ ವೇಗದ .22 ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತದೆ, ಜಾಸ್ತಿ ವೇಗದ್ದು 380ರ ಹತ್ತಿರ. ಎಆರ್-7ನಂತೆ ತಾನೇ ತೋಟಾ ಬದಲಿಸಿಕೊಳ್ಳುವ ಕೋವಿಗೆ ಈ ವ್ಯತ್ಯಾಸ ದೊಡ್ಡದು, ಬಲ ಸಾಲದ ತೋಟಾ ಹಾಕಿದರೆ ಬೋಲ್ಟ್ ಪೂರ್ತಿ ಹಿಂದಕ್ಕೇ ಹೋಗುವುದಿಲ್ಲ. ನಮ್ಮ ಬೋಲ್ಟ್ ಕೋವಿಗೆ ಕೈಯೇ ಬಲ, ಅಷ್ಟು ತೊಂದರೆ ಇಲ್ಲ, ಗುಂಡು ಬೀಳುವ ಜಾಗ ಮಾತ್ರ ಬದಲಾಗುತ್ತದೆ. ಯಾವುದು ಹೊಂದುತ್ತದೋ ಅದನ್ನೇ ಹಿಡಿದುಕೊಳ್ಳಿ, ನಾಲ್ಕು ಡಬ್ಬಿಯ ಉಳಿದದ್ದೆಲ್ಲ ಸೇರಿಸಿ ಜೇಬಿಗೆ ಹಾಕಿಕೊಳ್ಳಬೇಡಿ.

ಟುಸ್ ಆದಾಗ

ಟಿಕ್ ಅಂತು, ಈಡು ಹಾರಲಿಲ್ಲ. ಆಗ ಬೋಲ್ಟ್ ಮುಟ್ಟಬೇಡಿ. ಮೂತಿ ದಿಬ್ಬದ ಕಡೆಯೇ ಇರಲಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ. ಮದ್ದು ನಿಧಾನಕ್ಕೆ ಹೊತ್ತಿಕೊಂಡು ತಡವಾಗಿ ಹಾರುವುದುಂಟು. ಆಮೇಲೆ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಬೋಲ್ಟ್ ತೆರೆದು ತೋಟಾ ಹೊರಗೆ ತೆಗೆಯಿರಿ.

ಇನ್ನೊಂದು ಇದಕ್ಕಿಂತ ಅಪಾಯದ್ದು. ಶಬ್ದ ಬಂತು, ಆದರೆ ಬಡಕಲು ಶಬ್ದ, ಪಟಾಕಿ ಒದ್ದೆಯಾದ ಹಾಗೆ "ಪುಫ್". ಕಾಗದದಲ್ಲಿ ತೂತೂ ಇಲ್ಲ. ಗುಂಡು ನಳಿಗೆಯಲ್ಲೇ ನಿಂತಿರಬಹುದು. ಮುಂದಿನ ಈಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಕೋವಿ ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತದೆಯಾ ನೋಡುವವರೆಗೆ ಏನೂ ಮಾಡಬೇಡಿ.

ಈಗ ಟುಸ್ ಆದ ತೋಟಾವನ್ನು ಬೆಳಕಿಗೆ ಹಿಡಿಯಿರಿ. ಕೇಪಿನ ಕೋವಿಗೆ ಕೇಪು (ಬಡಿದರೆ ಕಿಡಿ ಹಾರಿಸುವ ಪುಟ್ಟ ಟೊಪ್ಪಿ) ಹೊರಗೆ, ಹನ್ನೆರಡು ಬೋರಿನ ತೋಟಾಕ್ಕೆ ಅದು ಬೆನ್ನಿನ ನಡುವೆ. .22ಗೆ ಬೇರೆ ಕೇಪೇ ಇಲ್ಲ. ತಾಮ್ರ-ಹಿತ್ತಾಳೆಯ ಆ ಪುಟ್ಟ ಕೊಳವೆಯ ಅಂಚಿನ ಒಳಗೆ, ಸುತ್ತಲೂ, ಸಿಡಿಯುವ ಮದ್ದನ್ನು ತಿರುಗಿಸಿ ಹರಡಿಸಿರುತ್ತಾರೆ. ಅದು ಒಂದು ಕಡೆ ಸರಿಯಾಗಿ ಹರಡದೆ ಬಿಟ್ಟುಹೋಗಿ, ಪಿನ್ ಅಲ್ಲಿಗೇ ಬಡಿದರೆ ಟುಸ್.

ಹಾಗಾಗಿ ಅಂಚಿನ ಗುರುತು ನೋಡಿದರೆ ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ. ಗುರುತು ಆಳವಾಗಿ, ಹಾರಿದ ತೋಟಾಗಳ ಮೇಲಿರುವ ಹಾಗೇ ಇದ್ದರೆ ತೋಟಾದ್ದೇ ದೋಷ. ಅದನ್ನೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದರೆ ಬಹಳ ಸಲ ಹಾರುತ್ತದೆ, ಆದರೂ ಪುಸ್ತಕದಲ್ಲಿ ಟುಸ್ ಅಂತಲೇ ಬರೆಯಿರಿ. ಗುರುತು ಉಗುರಿನಲ್ಲಿ ಗೀರಿದಷ್ಟೇ ತೆಳುವಾಗಿದ್ದರೆ ಕೋವಿಯದ್ದೇ ದೋಷ: ಸ್ಪ್ರಿಂಗ್ ಸೋತಿರಬೇಕು, ಪಿನ್ ಸವೆದಿರಬೇಕು, ಬೋಲ್ಟ್ ಪೂರ್ತಿ ಮುಚ್ಚಿರಲಿಕ್ಕಿಲ್ಲ, ಇಲ್ಲವೇ ಪಿನ್ನಿನ ದಾರಿಯಲ್ಲಿ ಏನೋ ಕೂತಿದೆ.

ನನ್ನ ಏಳು ತೋಟಾಗಳ ಮೇಲೂ ತೆಳು ಗೀರು. ಮನೆಗೆ ಬಂದು ಸಾಲಾಗಿ ಜಗುಲಿಯಲ್ಲಿಟ್ಟು ತೋರಿಸಿದಾಗ ಚಿಕ್ಕಪ್ಪ "ತೋಟಾ ಹಳತಾಗಿರ್ಬೇಕು ಮಾರಾಯ, ಕೋವಿಗೆ ಯಾಕೆ ಬೈತೀಯ?" ಅಂದರು. ಬೋಲ್ಟ್ ಬಿಚ್ಚಿ ಪಿನ್ ಹೊರಗೆ ಎಳೆದೆ. ಅದರ ಸುತ್ತ ಬೆಳ್ಳಗೆ, ಮೇಣದ ಹಾಗೆ ಏನೋ ಮೆತ್ತಿತ್ತು. ಬೆರಳಿಗೆ ತೆಗೆದು ಮೂಸಿದೆ. ಕೊಬ್ಬರಿ ಎಣ್ಣೆ!

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆ. ಜೂನ್‌ನಲ್ಲಿ ವಾಪಸ್ ತಂದಾಗ ಮಳೆ ಹಿಡಿದಿತ್ತು. ತುಕ್ಕು ಹಿಡಿಯಬಾರದು ಅಂತ ಚಿಕ್ಕಪ್ಪ ಪ್ರೀತಿಯಿಂದ ಕೊಬ್ಬರಿ ಎಣ್ಣೆಯಲ್ಲಿ ಕೋವಿಗೆ ಅಭ್ಯಂಜನವನ್ನೇ ಮಾಡಿಸಿದ್ದರು, ಬೋಲ್ಟಿನ ಒಳಗೂ ಬಿಟ್ಟಿದ್ದರು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಬಚ್ಚಲಲ್ಲಿ ಬಾಟಲಿ ಬಿಸಿನೀರಿಗೆ ಹಿಡಿಯುವವರಿಗೆ ಇದನ್ನು ಹೇಳಬೇಕಾ? ಜನವರಿ ಬೆಳಗಿನ ಚಳಿಗೆ ಅದು ಪಿನ್ನಿನ ಸುತ್ತ ಹೆಪ್ಪುಗಟ್ಟಿ ಪಿನ್ ನಿಧಾನವಾಯಿತು. ಬಿಸಿಲಿಗೆ ಕರಗಿತು, ಕೋವಿ ಸರಿಯಾಯಿತು. "ನೀವು ಹಚ್ಚಿದ್ದು ತಲೆಗೆ ಸರಿ ಚಿಕ್ಕಪ್ಪ, ಇದಕ್ಕಲ್ಲ" ಅಂದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಆಚೆ ಹೋದರು.

ಇದಕ್ಕೆ ಪರಿಹಾರ ಸುಲಭ. ಬೋಲ್ಟಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಹೊಲಿಗೆ ಮಷಿನ್ ಎಣ್ಣೆಯ ಒಂದು ಹನಿಯನ್ನು ಬಟ್ಟೆಗೆ ಹಾಕಿ ಒರೆಸಿದರೆ ಆಯಿತು. ಪಿನ್ನಿನ ದಾರಿ ಬಹುಮಟ್ಟಿಗೆ ಒಣಗೇ ಇರಲಿ. ಮರುವಾರ ಮತ್ತೆ ಅದೇ ಚಳಿಯ ಹೊತ್ತಿಗೇ ಹೋಗಿ, ಅದೇ ಡಬ್ಬಿಯ ತೋಟಾದಲ್ಲಿ 40 ಹೊಡೆದೆ. ಒಂದೂ ಟುಸ್ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನುವುದು ಇದಕ್ಕೇ. ಎಣ್ಣೆಯ ಜೊತೆ ತೋಟಾವನ್ನೂ ಬದಲಿಸಿದ್ದಿದ್ದರೆ ಚಿಕ್ಕಪ್ಪನೇ ಗೆದ್ದಂತಾಗುತ್ತಿತ್ತು.

ಗಲೀಜು, ಬಿಚ್ಚುವುದು, ನೀರು

ಗಲೀಜಿನ ಪರೀಕ್ಷೆಗೆ ನೀವು ಏನೂ ಮಾಡಬೇಕಾಗಿಲ್ಲ, ಸುಮ್ನೆ ಒರೆಸದೆ ಇರಬೇಕು. .22ರ ಸೀಸದ ಗುಂಡಿಗೆ ಮೇಣ ಹಚ್ಚಿರುತ್ತಾರೆ. ಅದೂ ಮಸಿಯೂ ಸೇರಿ ಚೇಂಬರ್ ಬಾಯಲ್ಲಿ ಕಟ್ಟುತ್ತದೆ. ನೂರು, ನೂರೈವತ್ತು ಈಡಿನವರೆಗೆ ಹಾಗೇ ಬಿಟ್ಟು, ಎಷ್ಟನೆಯದರಲ್ಲಿ ತೋಟಾ ಒಳಗೆ ತಳ್ಳಲು ಬಿಗಿಯಾಯಿತು, ಎಷ್ಟನೆಯದರಲ್ಲಿ ಹೊರಬರಲು ತಕರಾರು ಮಾಡಿತು ಅಂತ ಬರೆಯಿರಿ. ನಿಮ್ಮ ಕೋವಿಯನ್ನು ಎಷ್ಟು ಈಡಿಗೊಮ್ಮೆ ಒರೆಸಬೇಕು ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ.

ಬಿಚ್ಚಿಡುವ ಕೋವಿಗೆ ಅಸಲಿ ಪರೀಕ್ಷೆ ಬಿಚ್ಚಿ ಜೋಡಿಸುವುದೇ. ಐದು ಈಡು ಹೊಡೆಯಿರಿ. ಖಾಲಿ ಮಾಡಿ, ಬಿಚ್ಚಿ, ಚೀಲಕ್ಕೆ ಹಾಕಿ, ಮತ್ತೆ ತೆಗೆದು ಜೋಡಿಸಿ ಐದು ಹೊಡೆಯಿರಿ. ಹೀಗೆ ನಾಲ್ಕು ಸಲ, ಪ್ರತಿ ಸಲ ಹೊಸ ಕಾಗದ. ಆಮೇಲೆ ಕಾಗದಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಮೊದಲಿನ ಕಾಗದವನ್ನೂ ಸೇರಿಸಿ. ಗುಂಪಿನ ನಡುಮಧ್ಯ 25 ಮೀಟರ್‌ನಲ್ಲಿ ಎರಡು ಸೆಂಟಿಮೀಟರ್ ಸರಿದರೆ 50ರಲ್ಲಿ ನಾಲ್ಕು ಸರಿಯುತ್ತದೆ. ನನ್ನದು ಮೊದಲ ಸಲ ಮೂರು ಸೆಂಟಿಮೀಟರ್ ಎಡಕ್ಕೆ ಹೋಗಿತ್ತು, ಸ್ಕ್ರೂವನ್ನು ಪ್ರತಿ ಸಲ ಒಂದೊಂದು ಬಿಗಿಗೆ ತಿರುಗಿಸುತ್ತಿದ್ದೆ, ನೇಲ್ ಪಾಲಿಶ್ ಗೆರೆಗೆ ಸರಿಯಾಗಿ ನಿಲ್ಲಿಸಲು ಶುರು ಮಾಡಿದ ಮೇಲೆ ಒಂದು ಸೆಂಟಿಮೀಟರ್ ಒಳಗೇ ಬಂತು. ನಳಿಗೆಯೇ ಬೇರೆಯಾಗುವ ಎಆರ್-7ನಂಥದ್ದರಲ್ಲಿ ಮುಂದಿನ ಗುರಿಕಡ್ಡಿ ನಳಿಗೆಯ ಮೇಲೆ, ಹಿಂದಿನದು ಬೋಲ್ಟ್ ಇರುವ ಭಾಗದ ಮೇಲೆ. ಹಾಗಾಗಿ ಹತ್ತು ಹದಿನೈದು ಈಡಿಗೊಮ್ಮೆ ಖಾಲಿ ಮಾಡಿ, ನಳಿಗೆಯ ತಿರುಪು ಸಡಿಲಾಗಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಬೇಕು.

ನೀರಿನ ಪರೀಕ್ಷೆ ನಮ್ಮ ಕಡೆಗೆ ಬಿಡುವ ಹಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಅಂದ ಮೇಲೆ ಕೋವಿ ಒದ್ದೆಯಾಗುವುದಿಲ್ಲ ಅಂತ ಹೇಳುವವರು ಯಾರು? ಖಾಲಿ ಕೋವಿಯ ಬೋಲ್ಟ್ ಮುಚ್ಚಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಚೆನ್ನಾಗಿ ಒದ್ದೆ ಮಾಡಿ, ಅರ್ಧ ಗಂಟೆ ಬಿಡಿ. ಆದರೆ ನಳಿಗೆಯಲ್ಲಿ ನೀರಿಟ್ಟುಕೊಂಡು ಈಡು ಹೊಡೆಯುವುದು ಗುಂಡು ಸಿಕ್ಕಿಕೊಂಡಾಗ ಹೊಡೆದಷ್ಟೇ ಅಪಾಯ. .22ರ ನಳಿಗೆ ಬಹಳ ಸಣ್ಣದು, 5.6 ಮಿಲಿಮೀಟರ್, ಹಾಗಾಗಿ ನೀರು ತಾನಾಗಿ ಇಳಿಯದೆ ಒಳಗೇ ಹಿಡಿದುಕೊಂಡಿರುತ್ತದೆ. ಬೋಲ್ಟ್ ತೆರೆದು, ಮೂತಿ ಕೆಳಗೆ ಮಾಡಿ, ಕೊಡವಿ, ಬಟ್ಟೆ ಎಳೆದು, ಬೆಳಕು ನೋಡಿ, ಚೇಂಬರ್ ಒರೆಸಿ, ಆಮೇಲೆ ತೋಟಾ ಹಾಕಿ. ಒದ್ದೆ ಕೈಯಲ್ಲಿ ಬೋಲ್ಟಿನ ಹಿಡಿ ಜಾರುತ್ತದೆಯಾ, ಸೇಫ್ಟಿ ಸರಿಯಾಗಿ ಸರಿಯುತ್ತದೆಯಾ ಅನ್ನುವುದೂ ಆಗ ಗೊತ್ತಾಗುತ್ತದೆ.

ಮರವೂ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲಿಕ್ಕೆ ಬರದ ಹಾಗೆ ಕೋವಿಯ ಮರವೂ ಉಬ್ಬಿ ನಳಿಗೆಯನ್ನು ಒಂದು ಕಡೆಯಿಂದ ಒತ್ತುತ್ತದೆ. ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯಿರಿ. ಫೆಬ್ರವರಿಯಲ್ಲಿ ಸಲೀಸಾಗಿ ಹೋದ ಕಾಗದ ಆಗಸ್ಟ್‌ನಲ್ಲಿ ಅರ್ಧಕ್ಕೇ ನಿಂತರೆ ಗುರಿ ಯಾಕೆ ತಪ್ಪುತ್ತಿದೆ ಅಂತ ಬೇರೆ ಹುಡುಕುವುದು ಬೇಡ. ಪೂರ್ತಿ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ, ಚಳಿಯಲ್ಲೊಮ್ಮೆ ಮಳೆಯಲ್ಲೊಮ್ಮೆ ಮಾಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಷ್ಟು ಹೊಡೆದರೆ ಸಾಕು

ಐವತ್ತು ಈಡು ಒಂದೂ ತಪ್ಪದೆ ಹಾರಿದರೆ ನೂರಕ್ಕೆ ನೂರು ನಂಬಬಹುದು ಅಂತ ಅಲ್ಲ. ಲೆಕ್ಕ ಮಾಡುವವರು ಬಳಸುವ ಒಂದು ಸುಲಭದ ಸೂತ್ರ ಇದೆ: ಒಂದೂ ತಪ್ಪದೆ ಹೋದ ಈಡಿನ ಸಂಖ್ಯೆಯಿಂದ 3ನ್ನು ಭಾಗಿಸಿ. 50 ಹೊಡೆದಿದ್ದರೆ ಶೇಕಡಾ 6. ಅಂದರೆ ನೂರಕ್ಕೆ ಆರರಷ್ಟು ಕೈಕೊಡುವ ಕೋವಿ ಕೂಡ ನಿಮಗೆ ಆ ದಿನ ಐವತ್ತನ್ನು ಸರಿಯಾಗಿ ಹಾರಿಸಿ ತೋರಿಸಿರಬಹುದು. 100ಕ್ಕೆ ಶೇಕಡಾ 3, 300ಕ್ಕೆ ಶೇಕಡಾ 1. ಇದು ನೂರಕ್ಕೆ 95ರಷ್ಟು ಭರವಸೆಯ ಲೆಕ್ಕ.

300 ತೋಟಾ ಒಂದೇ ದಿನ ಯಾರ ಹತ್ತಿರ ಇರುತ್ತದೆ? ಇರಬೇಕಾಗಿಲ್ಲ. ಪುಸ್ತಕ ಇದೆಯಲ್ಲ, ಮೂರ್ನಾಲ್ಕು ಸಲ ಹೋದದ್ದನ್ನು ಕೂಡಿಸಿ. ಆದರೆ ನಡುವೆ ಸ್ಪ್ರಿಂಗ್ ಬದಲಿಸಿದರೆ, ತೋಟಾ ಬದಲಿಸಿದರೆ ಎಣಿಕೆ ಮತ್ತೆ ಒಂದರಿಂದ. ಒಂದೇ ಮ್ಯಾಗಜೀನ್‌ನಲ್ಲಿ ಮತ್ತೆ ಮತ್ತೆ ತೋಟಾ ಸಿಕ್ಕಿಕೊಂಡರೆ ಕೋವಿಯನ್ನು ದೂರಬೇಡಿ, ಆ ಮ್ಯಾಗಜೀನ್‌ಗೆ ನಿವೃತ್ತಿ ಕೊಡಿ. ನನ್ನ 2ನೇ ನಂಬರಿನದು ಈಗ ಮೇಜಿನ ಡ್ರಾಯರ್‌ನಲ್ಲಿದೆ.

ಸ್ಪ್ರಿಂಗ್, ಎಕ್ಸ್‌ಟ್ರಾಕ್ಟರ್ ಕೆಲಸ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಬಿಡಿ. ಮ್ಯಾಗಜೀನ್ ತುಟಿಯನ್ನು ಇಕ್ಕಳದಲ್ಲಿ ಬಗ್ಗಿಸಿ ನೋಡಿದವರಲ್ಲಿ ನಾನೂ ಒಬ್ಬ. ನಿವೃತ್ತಿಯಾಗಿರುವುದು ಅದೇ.

ಮುಗಿದ ಮೇಲೆ ಮೊದಲು ಕೈ ತೊಳೆಯಿರಿ, ಸೋಪು ಹಾಕಿ, ಊಟಕ್ಕೆ ಮುಂಚೆ. ಬೆರಳಲ್ಲಿ ಸೀಸ ಇರುತ್ತದೆ. ಖಾಲಿ ತೋಟಾಗಳನ್ನು ಎಣಿಸಿ ವಾಪಸ್ ತನ್ನಿ, ಲೆಕ್ಕಕ್ಕೆ ಬೇಕಾಗುತ್ತವೆ. ಮನೆಗೆ ಬಂದು ಒರೆಸಿದ ಕೋವಿಯನ್ನು ಬಟ್ಟೆಯ ಚೀಲದಲ್ಲೇ ಬಿಡಬೇಡಿ, ಮಳೆಗಾಲದಲ್ಲಿ ಆ ಚೀಲ ಒದ್ದೆ ಕಂಬಳಿ ಇದ್ದ ಹಾಗೆ. ಬೀಗ ಹಾಕುವ ಕಬ್ಬಿಣದ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಿಲ್ಲಿಸಿ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ. ಹೊಲಿಗೆ ಮಷಿನ್ ಎಣ್ಣೆಯ ಬಾಟಲಿಯನ್ನು ಕಪಾಟಿನ ಮೇಲೇ ಇಟ್ಟಿದ್ದೇನೆ, ಕೈಗೆ ಮೊದಲು ಸಿಗುವ ಹಾಗೆ. ಕೊಬ್ಬರಿ ಎಣ್ಣೆ ಬಚ್ಚಲಲ್ಲಿದೆ.